ಕೊಂಬಿಗಿಂತ ಮೊದಲು ವಯಸ್ಸು ನೋಡಿ

ಓದುಗರ ಪತ್ರ: ನಾನು ತೀರ್ಥಹಳ್ಳಿ ಕಡೆಯವನು. ಹದಿನಾಲ್ಕು ವರ್ಷದಿಂದ ಚಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇನೆ. ಗೆಳೆಯರ ಜೊತೆ ಎರಡು ವರ್ಷ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋದೆ. ಎದುರಿಗೆ ಬಂದದ್ದೆಲ್ಲ ಸಣ್ಣ ಕೊಂಬಿನವು, ಹೊಡೆಯಲಿಲ್ಲ. ಈಗ ಒಬ್ಬರು ವಿಸ್ಕಾನ್ಸಿನ್‌ನ ಬಫಲೋ ಕೌಂಟಿಗೆ ಹೋಗು ಅಂತಾರೆ, ಇನ್ನೊಬ್ಬರು ಅಯೋವಾ ಅಂತಾರೆ. ಒಬ್ಬ ಗೈಡ್ ಸಾವಿರಾರು ಡಾಲರ್ ಕೇಳುತ್ತಿದ್ದಾನೆ. ದೊಡ್ಡ ಕೊಂಬಿನ ಜಿಂಕೆಗೆ ನಿಜವಾಗಿ ಒಳ್ಳೆಯ ಜಾಗ ಯಾವುದು? ಅಜ್ಜನ ಮನೆ ಜಗಲಿಯ ಗೋಡೆ ಮೇಲೆ ಕಡವೆ ಕೊಂಬು ನೋಡುತ್ತ ಬೆಳೆದವನು ನಾನು. ಅದಕ್ಕೇ ಈ ಆಸೆ.

ಸಂಪಾದಕರ ಉತ್ತರ:

ಎರಡು ವರ್ಷ ಕಾದು, ಸಣ್ಣದು ಎದುರಿಗೆ ಬಂದರೂ ಬಾಣ ಬಿಡದೆ ಇಳಿದು ಬಂದಿರಲ್ಲ, ಅದು ನನಗೆ ತುಂಬ ಹಿಡಿಸಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ನೀವು ಬಿಟ್ಟ ಆ ಜಿಂಕೆಗಳು ಇನ್ನೂ ಮೂರು ವರ್ಷ ಬದುಕಿದರೆ, ನೀವು ಹುಡುಕುತ್ತಿರುವ ಜಿಂಕೆಗಳು ಅವೇ.

ನನ್ನ ಮಗಳ ಮನೆ ಮ್ಯಾಡಿಸನ್ ಹತ್ತಿರ. ಒಂದು ಮಾರ್ಚ್‌ನಲ್ಲಿ ಅಲ್ಲಿದ್ದಾಗ ಪಕ್ಕದ ರೈತರೊಬ್ಬರು ಬಿದ್ದ ಕೊಂಬು ಹುಡುಕೋಣ ಬನ್ನಿ ಅಂತ ಕರೆದುಕೊಂಡು ಹೋದರು. ಹಿಮ ಕರಗಿದ ಇಳಿಜಾರಿನಲ್ಲಿ, ಕಂದು ಎಲೆಗಳ ನಡುವೆ ಮೊದಲು ಸಿಕ್ಕಿದ್ದು ನನ್ನ ಅಂಗೈಯಷ್ಟೇ ಉದ್ದದ ಕೊಂಬು. ಅರ್ಧ ಗಂಟೆ ಬಿಟ್ಟು ಬೇಲಿ ಪಕ್ಕ ಇನ್ನೊಂದು ಸಿಕ್ಕಿತು. ಅದರ ಬುಡ ಹೆಬ್ಬೆರಳು ತೋರುಬೆರಳು ಸುತ್ತಿದರೂ ಕೂಡುತ್ತಿರಲಿಲ್ಲ. ಬುಡದ ಸುತ್ತ ಹರಳು ಹರಳಾಗಿ ಗಂಟು, ಮೇಲೆ ಐದು ಕವಲು, ತುದಿಗಳು ತಿಕ್ಕಿ ತಿಕ್ಕಿ ದಂತದ ಹಾಗೆ ಬೆಳ್ಳಗಾಗಿದ್ದವು. ಎರಡೂ ಒಂದೇ ಗುಡ್ಡದವು, ಒಂದೇ ಮೆಕ್ಕೆಜೋಳದ ಹೊಲದಲ್ಲಿ ಮೇದವು. ಒಂದು ಒಂದೂವರೆ ವರ್ಷದ್ದು, ಇನ್ನೊಂದು ಕಡಿಮೆ ಅಂದರೂ ಐದು ವರ್ಷದ್ದು ಅಂದರು ಆ ರೈತರು. ವ್ಯತ್ಯಾಸ ಅಷ್ಟೇ.

ಬಿಳಿಬಾಲದ ಜಿಂಕೆಯ ಕೊಂಬು ಹಸುವಿನ ಕೋಡಿನಂತಲ್ಲ, ಅದು ಮೂಳೆ. ವರ್ಷವೂ ಉದುರುತ್ತೆ, ವರ್ಷವೂ ಹೊಸದಾಗಿ ಬೆಳೆಯುತ್ತೆ. ವಸಂತದಲ್ಲಿ ಮೆತ್ತನೆ ಮಖಮಲ್ಲಿನಂಥ ಚರ್ಮದೊಳಗೆ ಮೂಡಿ ಆಗಸ್ಟ್‌ಗೆ ಪೂರ್ತಿಯಾಗುತ್ತದೆ. ಅಷ್ಟು ಬೇಗ ಅಷ್ಟು ಮೂಳೆ ಕಟ್ಟಲು ಮೇವಿನ ಸುಣ್ಣ ಸಾಲದು, ಪಕ್ಕೆಲುಬಿನಿಂದಲೂ ಸಾಲ ತೆಗೆಯುತ್ತದೆ. ಹಾಗಾಗಿ ಮೈ ಇನ್ನೂ ಬೆಳೆಯುತ್ತಿರುವ ಎಳೆ ಜಿಂಕೆಗೆ ಕೊಂಬಿಗೆ ಹಾಕಲು ಬಂಡವಾಳ ಉಳಿಯುವುದಿಲ್ಲ. ಮೈ ಕಟ್ಟಿಕೊಂಡ ಮೇಲೆ, ಐದರಿಂದ ಏಳು ವರ್ಷದೊಳಗೆ, ಕೊಂಬು ತನ್ನ ತುತ್ತತುದಿ ಮುಟ್ಟುತ್ತದೆ. ವಯಸ್ಸು, ಮೇವು, ತಳಿ ಅಂತ ಬೇಟೆಗಾರರು ಮೂರು ಹೇಳುತ್ತಾರೆ. ನಾನು ವಯಸ್ಸನ್ನೇ ಮೊದಲು ಇಡುತ್ತೇನೆ. ಯಾಕೆಂದರೆ ಅಮೆರಿಕದ ಬಹಳ ಕಡೆ ಗಂಡು ಜಿಂಕೆಗೆ ಸಿಗದೇ ಹೋಗುವುದು ಅದೊಂದೇ.

ತಳಿ ಬಗ್ಗೆ ಒಂದು ಮಾತು. "ಆ ಜಾಗದ ರಕ್ತವೇ ಬೇರೆ" ಅಂತ ಗೈಡ್‌ಗಳು ಹೇಳುವುದುಂಟು. ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿಯವರು ಬಡ ಮಣ್ಣಿನ ಸೀಮೆಯ ಜಿಂಕೆಗಳನ್ನು ತಂದು ಒಳ್ಳೆಯ ಮೇವು ಹಾಕಿ ಸಾಕಿದರು. ಅವುಗಳ ಮರಿ, ಮರಿಗಳ ಮರಿ ಬರುವಷ್ಟರಲ್ಲಿ ಕೊಂಬು ಮೈ ಎರಡೂ ಒಳ್ಳೆ ಮಣ್ಣಿನ ಜಿಂಕೆಗಳ ಹತ್ತಿರಕ್ಕೆ ಬಂದವು. ಮಲೆನಾಡಿನವರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಗೊಬ್ಬರ ಕಾಣದ ತೋಟದ ಅಡಿಕೆ ಮರವನ್ನು ಜಾತಿ ಸರಿಯಿಲ್ಲ ಅಂತ ಬೈದರೆ ಹೇಗೆ?

ಈಗ ಬಫಲೋ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ದೊಡ್ಡ ಕೊಂಬುಗಳ ದಾಖಲೆ ಇಡುವುದು ಬೂನ್ ಅಂಡ್ ಕ್ರಾಕೆಟ್ ಕ್ಲಬ್. ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ್ದು. ಕಾಂಡದ ಉದ್ದ, ಕವಲುಗಳ ಉದ್ದ, ಸುತ್ತಳತೆ, ಎರಡು ಕೊಂಬಿನ ನಡುವಿನ ಅಗಲ ಎಲ್ಲ ಅಂಗುಲದಲ್ಲಿ ಅಳೆದು ಕೂಡುತ್ತಾರೆ, ಎರಡು ಪಕ್ಕಕ್ಕೂ ಹೊಂದದ್ದನ್ನು ಕಳೆಯುತ್ತಾರೆ. ಎರಡೂ ಕಡೆ ಒಂದೇ ಥರ ಇರುವ ಕೊಂಬು ಅವರ ಶಾಶ್ವತ ಪಟ್ಟಿಗೆ ಸೇರಲು 170 ಅಂಕ ಬರಬೇಕು. ಈ ವರ್ಗದ ವಿಶ್ವದಾಖಲೆ ಕೆನಡಾದ ಸಸ್ಕಾಚೆವಾನ್‌ನದು. 1993ರ ನವೆಂಬರ್‌ನಲ್ಲಿ ಬಿಗ್ಗರ್ ಊರಿನ ರೈತ ಮಿಲೋ ಹ್ಯಾನ್ಸನ್ ಹೊಡೆದ ಜಿಂಕೆ, 213 ಮತ್ತು 5/8. ಆದರೆ ಆ ಪುಸ್ತಕದಲ್ಲಿ ಅತಿ ಹೆಚ್ಚು ಹೆಸರಿರುವ ರಾಜ್ಯ ವಿಸ್ಕಾನ್ಸಿನ್, ಅತಿ ಹೆಚ್ಚಿರುವ ಕೌಂಟಿ ಬಫಲೋ.

ಅದಕ್ಕೆ ಕಾರಣ ನೆಲ. ಮಿಸಿಸಿಪ್ಪಿ ನದಿ ದಂಡೆಯ ಆ ಸೀಮೆಯ ಮೇಲೆ ಹಿಮಯುಗದ ಹಿಮನದಿಗಳು ಹರಿಯಲಿಲ್ಲ. ಪಕ್ಕದ ಬಯಲೆಲ್ಲ ಉಜ್ಜಿ ಸಪಾಟಾದರೂ ಇಲ್ಲಿ ಕಡಿದಾದ ಗುಡ್ಡ, ಇಕ್ಕಟ್ಟು ಕಣಿವೆ ಉಳಿದವು. ಗುಡ್ಡದಲ್ಲಿ ಓಕ್ ಕಾಡು, ಕಣಿವೆಯಲ್ಲಿ ಜೋಳ, ಸೋಯಾ, ಆಲ್ಫಾಲ್ಫಾ ಅನ್ನುವ ಮೇವಿನ ಬೆಳೆ. ಮೇವು ಕೆಳಗೆ, ಅಡಗು ಮೇಲೆ. ಕಡಿದಾದ ಜಾಗಕ್ಕೆ ಜನ ಸುಲಭವಾಗಿ ಹತ್ತಲ್ಲ, ಜಿಂಕೆಗೆ ವಯಸ್ಸಾಗುತ್ತದೆ.

ಆದರೆ ಹೆಸರು ಬಂದ ಮೇಲೆ ದುಡ್ಡೂ ಬಂತು. ಒಳ್ಳೆಯ ಜಮೀನೆಲ್ಲ ಖಾಸಗಿ, ಬಹಳಷ್ಟು ಬೇಟೆಗೆ ಗುತ್ತಿಗೆ ಹೋಗಿದೆ. ಸರ್ಕಾರಿ ಜಾಗ ಸ್ವಲ್ಪವೇ. ವಿಸ್ಕಾನ್ಸಿನ್‌ನ ಒಂಬತ್ತು ದಿನದ ಕೋವಿ ಹಂಗಾಮಿನಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಕಾಡಿಗಿಳಿಯುತ್ತಾರೆ. ಹಾಗಾಗಿ ಗೈಡ್ ಕೇಳಿದ ದುಡ್ಡು ಕೊಡುವ ಮೊದಲು ಎರಡು ವಿಷಯ ಕೇಳಿ: ಆ ಜಮೀನಿನಲ್ಲಿ ಹೋದ ವರ್ಷ ಎಷ್ಟು ಜನ ಕೂತಿದ್ದರು, ಹೊಡೆದ ಜಿಂಕೆಗಳ ವಯಸ್ಸು ಎಷ್ಟಿತ್ತು. ದವಡೆ ಹಲ್ಲಿನ ಸವೆತ ನೋಡಿ ವಯಸ್ಸು ಹೇಳಬಹುದು. ಅದಕ್ಕೆ ಉತ್ತರ ಕೊಡದೆ ಬರೀ ಫೋಟೊ ತೋರಿಸಿದರೆ ಸುಮ್ನೆ ಎದ್ದು ಬನ್ನಿ.

ಅಯೋವಾ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದು ಸರಿ. ಅಲ್ಲಿ ಜಿಂಕೆಗಳು ಬೆದೆಗೆ ಬಂದು ಮೈಮರೆಯುವ ನವೆಂಬರ್ ಮಧ್ಯದಲ್ಲಿ ಕೋವಿ ಹಂಗಾಮು ಇಲ್ಲ. ಮುಖ್ಯ ಕೋವಿ ಹಂಗಾಮು ಡಿಸೆಂಬರ್‌ಗೆ. ಹೆಣ್ಣಿನ ಹಿಂದೆ ಹಗಲಲ್ಲೇ ಓಡಾಡುವ ಮೂರು ವರ್ಷದ ಗಂಡು, ಆ ಹದಿನೈದು ದಿನ ಗುಂಡಿಗೆ ಸಿಗದೆ ಉಳಿಯುತ್ತದೆ. ಕೊಂಬು ಬೆಳೆಸುವುದರಲ್ಲಿ ಇದು ಜೋಳಕ್ಕಿಂತ ದೊಡ್ಡ ಗೊಬ್ಬರ. ವಯಸ್ಸಿನ ಮಹಿಮೆಗೆ ಇನ್ನೊಂದು ಉದಾಹರಣೆ ಪೆನ್ಸಿಲ್ವೇನಿಯಾ. ಅಲ್ಲಿ ಹಿಂದೆ ಬೇಟೆಯಲ್ಲಿ ಸಾಯುತ್ತಿದ್ದ ಗಂಡುಗಳಲ್ಲಿ ಬಹುಪಾಲು ಒಂದೂವರೆ ವರ್ಷದ್ದು. 2002ರಲ್ಲಿ, ಹೊಡೆಯುವ ಗಂಡಿನ ಕೊಂಬಿಗೆ ಇಷ್ಟು ಕವಲಿರಲೇಬೇಕು ಅಂತ ನಿಯಮ ಮಾಡಿದರು. ಮಣ್ಣು ಅದೇ, ತಳಿ ಅದೇ. ಆದರೂ ಈಗ ಅಲ್ಲಿ ಮಾಗಿದ ಗಂಡುಗಳು ಕಾಣುತ್ತವೆ. ಅಯೋವಾದ ತೊಂದರೆ ಬೇರೆ: ಹೊರ ರಾಜ್ಯದವರಿಗೆ ವರ್ಷಕ್ಕೆ ಸುಮಾರು 6,000 ಪರ್ಮಿಟ್, ಅದೂ ಲಾಟರಿ. ದಕ್ಷಿಣದ ಒಳ್ಳೆಯ ವಲಯಗಳಿಗೆ ಕೆಲವು ವರ್ಷ ಪಾಯಿಂಟ್ (ಲಾಟರಿಯಲ್ಲಿ ಆದ್ಯತೆ ಕೊಡುವ ಅಂಕ) ಕೂಡಿಸಬೇಕು. ಇವತ್ತೇ ಪಾಯಿಂಟ್ ಕೊಳ್ಳಲು ಶುರು ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಟೆಕ್ಸಸ್ ಕಡೆ ನಾನು ಕಳಿಸಲ್ಲ. ಅಲ್ಲಿ ನೆಲ ಹೆಚ್ಚುಕಡಿಮೆ ಪೂರ್ತಿ ಖಾಸಗಿ. ಎತ್ತರದ ಬೇಲಿಯೊಳಗೆ ಪ್ರೋಟೀನ್ ಮೇವು ಹಾಕಿ ಸಾಕಿದ ಜಿಂಕೆಗೆ ಕೊಂಬು ಎಷ್ಟಿದ್ದರೇನು? ನಿಮ್ಮ ಅಜ್ಜನ ಜಗಲಿಯ ನೆನಪಿಗೆ ಅದು ಹೊಂದಲ್ಲ.

ನಿಮಗೆ ನನ್ನ ಸಲಹೆ ಇಲಿನಾಯ್. ನೀವು ಇರುವ ರಾಜ್ಯವೇ. ಇಲ್ಲೂ ಕೋವಿ ಹಂಗಾಮು ಚಿಕ್ಕದು, ನವೆಂಬರ್ ಕೊನೆ ಮತ್ತು ಡಿಸೆಂಬರ್ ಶುರುವಿನಲ್ಲಿ ಎಲ್ಲ ಸೇರಿ ಏಳು ದಿನ. ಬಿಲ್ಲಿಗೆ ಅಕ್ಟೋಬರ್ 1ರಿಂದ ಜನವರಿ ಮಧ್ಯದ ತನಕ ಅವಕಾಶ. ಹೊರಗಿನವರು ದುಡ್ಡು ಸುರಿದು ಬರುವ ಪೈಕ್ ಕೌಂಟಿ ಇಲ್ಲೇ ಇದೆ. ಆದರೆ ಅದಕ್ಕಿಂತ ಮೇಲೆ, ಇಲಿನಾಯ್ ನದಿಗುಂಟ ಬರುವ ಫುಲ್ಟನ್, ಸ್ಕೈಲರ್, ಕ್ಯಾಸ್ ಕೌಂಟಿಗಳನ್ನು ನೋಡಿ. ಅದೇ ದಿಬ್ಬ, ಅದೇ ಜೋಳ, ಗಲಾಟೆ ಕಡಿಮೆ. ಕ್ಯಾಸ್‌ನಲ್ಲಿ ಜಿಮ್ ಎಡ್ಗರ್ ಪ್ಯಾಂಥರ್ ಕ್ರೀಕ್ ಅಂತ 16,000 ಎಕರೆಗೂ ಮೀರಿದ ಸರ್ಕಾರಿ ಜಾಗ ಇದೆ. ನಿಮ್ಮ ಮನೆಯಿಂದ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ.

ಇನ್ನೊಂದು ವಿಷಯ. ಕುಕ್, ಡುಪೇಜ್, ಲೇಕ್ ಕೌಂಟಿಗಳಲ್ಲಿ ಜಿಂಕೆಗೆ ಕೋವಿ ಬೇಟೆ ಇಲ್ಲವೇ ಇಲ್ಲ. ಅಂದರೆ ನಿಮ್ಮ ಊರಿನ ಸುತ್ತಮುತ್ತಲೇ ಮುದಿ ಗಂಡುಗಳು ಇರುತ್ತವೆ. ಡುಪೇಜ್‌ನ ಫಾರೆಸ್ಟ್ ಪ್ರಿಸರ್ವ್‌ಗಳಲ್ಲಿ, ಅಂದರೆ ಕೌಂಟಿಯ ಕಾಯ್ದಿಟ್ಟ ಕಾಡುಗಳಲ್ಲಿ, ಬೇಟೆ ನಿಷಿದ್ಧ, ಊರೂರಿಗೆ ಬೇರೆ ನಿಯಮ. ಆದರೆ ಅಂಚಿನಲ್ಲಿ ಹೊಲ ಇರುವ ಯಾರಾದರೂ ರೈತರ ಮನೆಗೆ ಬೇಸಿಗೆಯಲ್ಲೇ ಹೋಗಿ, ಬೇಲಿ ಕಟ್ಟಲು ಕೈಜೋಡಿಸಿ, ಬಿಲ್ಲಿಗೆ ಅನುಮತಿ ಕೇಳಿ. ಇಂಥ ಇಪ್ಪತ್ತು ಎಕರೆ, ಹೆಸರುವಾಸಿ ಕೌಂಟಿಯ ಜನಜಂಗುಳಿಯ ಇನ್ನೂರು ಎಕರೆಗಿಂತ ಮೇಲು.

ಜಾಗ ಗೊತ್ತಾದ ಮೇಲೆ ಅದರೊಳಗಿನ ಜಾಗ ಗೊತ್ತಾಗಬೇಕಲ್ವಾ? ನಮ್ಮ ಕಡೆ ಮರಸು ಕೂರುವುದು ಅಂತಾರಲ್ಲ, ಇಲ್ಲಿನ ಟ್ರೀ ಸ್ಟ್ಯಾಂಡ್, ಅಂದರೆ ಮರದ ಮೇಲೆ ಅಡಗಿ ಕೂರುವ ಅಟ್ಟಣೆ, ಅದೇ. ಎಲ್ಲಿ ಕೂರಬೇಕು ಅನ್ನುವುದನ್ನು ಗಾಳಿ ಹೇಳುತ್ತದೆ. ಬೆಳಗ್ಗೆ ಬಿಸಿಲೇರಿದಂತೆ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ತಣ್ಣಗಾಗುತ್ತ ಕಣಿವೆಗೆ ಇಳಿಯುತ್ತದೆ. ಮುದಿ ಗಂಡು ಗಾಳಿ ಮರೆಯ ಕಡೆ, ದಿಬ್ಬದ ತಲೆಯಿಂದ ಸ್ವಲ್ಪ ಕೆಳಗೆ ಮಲಗುತ್ತದೆ. ಹಿಂದಿನಿಂದ ಬರುವವರ ವಾಸನೆ ಮೂಗಿಗೆ, ಮುಂದಿನಿಂದ ಬರುವವರು ಕಣ್ಣಿಗೆ. ನಕ್ಷೆಯಲ್ಲಿ ಎರಡು ಕಾಡುತುಂಡುಗಳನ್ನು ಸೇರಿಸುವ ಸಣ್ಣ ಪಟ್ಟಿ, ಎರಡು ದಿಬ್ಬದ ನಡುವಿನ ತಗ್ಗು ಕಂಡರೆ ಗುರುತು ಹಾಕಿ, ನವೆಂಬರ್‌ನಲ್ಲಿ ಗಂಡುಗಳು ದಾಟುವುದು ಅಲ್ಲೇ. ಮರದ ತೊಗಟೆ ಕೊಂಬಿನಿಂದ ಕೆತ್ತಿದ್ದು ಎಲ್ಲೆಡೆ ಕಾಣುತ್ತೆ. ಬೆರಳು ದಪ್ಪದ ಗಿಡ ಕೆತ್ತಿದ್ದರೆ ಯಾವ ಜಿಂಕೆಯೂ ಇರಬಹುದು. ತೊಡೆ ದಪ್ಪದ ಮರ ಕೆತ್ತಿ, ಪಕ್ಕದ ರೆಂಬೆಗೂ ಗಾಯವಾಗಿದ್ದರೆ ಆ ಕಾಡು ಬಿಡಬೇಡಿ. ಜೋಳ ಚೆಲ್ಲಿ ಕರೆಯುವ ಯೋಚನೆ ಬೇಡ, ಇಲಿನಾಯ್‌ನಲ್ಲಿ ಅದು ಅಪರಾಧ.

ಕಾನೂನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಇದನ್ನು ಓದುವ ಬೇರೆಯವರಿಗೂ ಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೂ ಗೆಳೆಯನ ಕೋವಿ ಮುಟ್ಟುವ ಮೊದಲು ವಕೀಲರನ್ನು ಕೇಳಿ, ಇದು ಗಡೀಪಾರಿನ ತನಕ ಹೋಗುವ ವಿಷಯ. ನಮ್ಮ ನಾಡಿನಲ್ಲಂತೂ 1972ರ ವನ್ಯಜೀವಿ ಕಾಯ್ದೆಯಡಿ ಈಗ ಜಿಂಕೆ, ಕಡವೆ ಬೇಟೆ ಮುಗಿದ ಮಾತು. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬೂ ಸರ್ಕಾರದ ಸ್ವತ್ತು. ಅಜ್ಜನ ಜಗಲಿಯ ಕೊಂಬಿಗೆ ಮಾಲೀಕತ್ವದ ಪತ್ರ ಇದೆಯಾ ಅಂತ ಮನೆಯವರನ್ನು ಒಮ್ಮೆ ಕೇಳಿ.

ಕೊನೆಗೆ, ನನಗೆ ತುಂಬ ಚಿಂತೆ ತರುವ ಸಂಗತಿ. ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅಂತ ಜಿಂಕೆಗಳ ಮಿದುಳು ಕೊರೆಯುವ ರೋಗ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡದ್ದು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಉತ್ತರ ಇಲಿನಾಯ್‌ನಲ್ಲೂ ಪತ್ತೆಯಾಯಿತು. ಔಷಧಿ ಇಲ್ಲ. ಅದು ತಗುಲಿದ ಜಿಂಕೆ ಶುರುವಿನಲ್ಲಿ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ. ಹೆಣ್ಣಿಗಿಂತ ಗಂಡಿನಲ್ಲಿ, ಅದರಲ್ಲೂ ವಯಸ್ಸಾದ ಗಂಡಿನಲ್ಲಿ ಜಾಸ್ತಿ. ಅಂದರೆ ನೀವು ಹುಡುಕುವ ಜಿಂಕೆಯಲ್ಲೇ. ಮನುಷ್ಯರಿಗೆ ಬಂದ ಉದಾಹರಣೆ ಸಿಕ್ಕಿಲ್ಲ, ಆದರೆ ರೋಗ ಇರುವ ಜಿಂಕೆಯ ಮಾಂಸ ತಿನ್ನಬೇಡಿ ಅಂತಲೇ ಅಮೆರಿಕದ ಆರೋಗ್ಯ ಇಲಾಖೆ ಹೇಳುತ್ತದೆ. ಎಲ್ಲಿ ಹೊಡೆದರೂ ಕುತ್ತಿಗೆಯ ಗ್ರಂಥಿ ಪರೀಕ್ಷೆಗೆ ಕೊಡಿ, ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲಿರಲಿ. ಮನೆಯಲ್ಲಿ ಮಕ್ಕಳೂ ಇರಬಹುದಲ್ಲ.

ಈ ವರ್ಷಕ್ಕೆ ಬಿಲ್ಲು ಹಿಡಿಯುವ ಮೊದಲು, ಮಾರ್ಚ್‌ನಲ್ಲಿ ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ಆ ಜಾಗದ ನಿಯಮ ಕೇಳಿಕೊಂಡು ನದಿ ಮೇಲಿನ ಬಿಸಿಲು ಬೀಳುವ ಇಳಿಜಾರುಗಳಲ್ಲಿ ನಿಧಾನವಾಗಿ ನಡೆಯಿರಿ. ಅಲ್ಲಿ ಸಿಗುವ ಕೊಂಬು ಈ ಚಳಿಗಾಲ ದಾಟಿ ಉಳಿದ ಜಿಂಕೆಯದು. ಸಿಕ್ಕರೆ ಬುಡದ ಸುತ್ತಳತೆ ದಾರದಲ್ಲಿ ಅಳೆದು ನನಗೆ ಬರೆಯಿರಿ.