ರಮ್ಯಾ ಲೈಟ್ ಆರಿಸಿದ ಸಾಲು

ನಮಸ್ಕಾರ.

ನಿಮ್ಮ 'ಭಾರವಾದ ಹೃದಯ' ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮದುವೆಯಾದ ಆರು ತಿಂಗಳಿಗೆ ರಮ್ಯಾ ದಪ್ಪಗಾಗುತ್ತಾಳೆ. ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಸಾಲಾಗಿ ಬಂದು ಚುಚ್ಚುತ್ತಾರೆ. ನಾಲ್ಕು ಪುಟ ಇದೇ. ಎಲ್ಲರೂ ಸೀರಿಯಲ್ ಅತ್ತೆಯರ ಹಾಗೆ ಒಂದೇ ದನಿಯಲ್ಲಿ ಮಾತಾಡುತ್ತಾರೆ. 'ಎಷ್ಟು ದಪ್ಪ ಆಗಿದೀಯ' ಅನ್ನುವವರು ಇದ್ದಾರೆ, ನಿಜ. ಅದಕ್ಕಿಂತ ಜಾಸ್ತಿ ನಾಟುವುದು, ಹೊಟ್ಟೆಯ ಮೇಲೆ ಕಣ್ಣಿಟ್ಟು 'ಏನಮ್ಮಾ, ವಿಶೇಷನಾ?' ಅಂತ ಕೇಳುವುದು. ಗಂಡನಿಗೆ ಹೊಟ್ಟೆ ಬಂದರೆ ಮಾತ್ರ 'ಅಳಿಯಂದ್ರು ಮೈಕೈ ತುಂಬ್ಕೊಂಡಿದ್ದಾರೆ, ಹೆಂಡ್ತಿ ಕೈರುಚಿ!' (ನನ್ನ ಮದುವೆಯ ಹೊಸತರಲ್ಲಿ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೇಳಿದ್ದೇನೆ.)

ಐದನೇ ಪುಟದಲ್ಲಿ ರಮ್ಯಾಳ ಗಂಡ ಸಚಿನ್ ಗೆಳೆಯರ ಮುಂದೆ 'ಇವಳು ಹಿಂದೆ ಕೂತ್ಮೇಲೆ ಬೈಕು ಮೈಲೇಜೇ ಕೊಡ್ತಿಲ್ಲ ಕಣ್ರೋ' ಅನ್ನುತ್ತಾನೆ. ಎಲ್ಲರೂ ನಗುತ್ತಾರೆ, ರಮ್ಯಾನೂ ನಗುತ್ತಾಳೆ. ಅವತ್ತಿನಿಂದ ಬಟ್ಟೆ ಬದಲಿಸುವ ಮೊದಲು ಲೈಟ್ ಆರಿಸುತ್ತಾಳೆ. ಇಷ್ಟನ್ನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಲ್ಲ! ಕತೆ ಇರುವುದೇ ಅಲ್ಲಿ. ಚಿಕ್ಕಮ್ಮ ಸಂಜೆಗೆ ಎದ್ದು ಹೋಗುತ್ತಾರೆ, ಸಚಿನ್ ಪಕ್ಕದಲ್ಲೇ ಮಲಗುತ್ತಾನೆ. ಲೈಟ್ ಆರುವುದು ಅವನ ಗಮನಕ್ಕೆ ಬಂತಾ? ಬಂದರೆ ಕೇಳಿದನಾ? ಮರುದಿನ ಬೈಕ್ ಹತ್ತಿದಾಗ ರಮ್ಯಾ ಅವನ ಸೊಂಟ ಹಿಡಿದಳಾ, ಹಿಂದಿನ ಕಂಬಿ ಹಿಡಿದಳಾ? 'ಅವಳ ಮನಸ್ಸು ನುಚ್ಚುನೂರಾಯಿತು' ಅನ್ನುವುದನ್ನು ಹೊಡೆದುಹಾಕಿ ಇದನ್ನು ಬರೆಯಿರಿ.

ಇನ್ನು ಲೆಕ್ಕ. ರಮ್ಯಾ 160 ಸೆಂ.ಮೀ. ಎತ್ತರ, 62 ಕೆ.ಜಿ. ಅಂದಿದ್ದೀರಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, ಸುಮಾರು 24 ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ 25ರ ಗೆರೆ ಹಿಡಿದರೆ ಸರಿಯಾದ ತೂಕ. ಭಾರತೀಯರಿಗೆ ನಮ್ಮ ವೈದ್ಯರು ಬಳಸುವ 23ರ ಗೆರೆ ಹಿಡಿದರೆ ಚೂರು ಜಾಸ್ತಿ. ನಿಮ್ಮ ಕತೆಯ ಡಾಕ್ಟರ್ ಆ ಪಾಟಿ ಬೈಯುವಂಥದ್ದೇನೂ ಇಲ್ಲ. ಆಮೇಲೆ ಅವಳು ಮೂರು ತಿಂಗಳಲ್ಲಿ 18 ಕೆ.ಜಿ. ಇಳಿಸುತ್ತಾಳೆ, ಸಚಿನ್ ತಬ್ಬಿಕೊಳ್ಳುತ್ತಾನೆ, ಶುಭಂ. 44 ಕೆ.ಜಿ.ಗೆ ಬಿಎಂಐ 17 ಚಿಲ್ಲರೆ ಕಣ್ರೀ. 18.5ಕ್ಕಿಂತ ಕೆಳಗೆ ಹೋದರೆ ತೂಕ ಸಾಲದು ಅಂತ ಲೆಕ್ಕ. ಅಂದರೆ ಹೆಂಡತಿ ಸೊರಗಿದ ಮೇಲೆ ಗಂಡನಿಗೆ ಪ್ರೀತಿ ಉಕ್ಕಿದೆ. ಬೇಕಂತಲೇ ಹಾಗೆ ಬರೆದಿದ್ದರೆ ಭಯಂಕರ ಕತೆ. ಆದರೆ ನೀವು ಅದನ್ನು ಸುಖಾಂತ ಅಂದುಕೊಂಡಿದ್ದೀರಿ, ಅಲ್ವಾ?

ಎಂಟು ಪುಟವನ್ನು ಐದಕ್ಕೆ ಇಳಿಸಿ, ಬೈಕಿನ ಮಾತಿನಿಂದಲೇ ಶುರು ಮಾಡಿ ಕಳಿಸಿ. ಹೆಸರೂ ಬದಲಿಸಿ. 'ಭಾರವಾದ ಹೃದಯ' ಅಂದರೆ ನೀವೂ ಸಚಿನ್ ಥರ ಜೋಕ್ ಮಾಡಿದ ಹಾಗಿದೆ.