ಕ್ಯಾಮೆರಾ ಪ್ರಶ್ನೋತ್ತರ: 25 ಇಡಲೋ, 30 ಇಡಲೋ?

ಪ್ರಶ್ನೆ: ಹೊಸ ವಿಡಿಯೊ ಕ್ಯಾಮೆರಾದ ಮೆನುವಿನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ತೆಗೆಯುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) 24, 30, 60, 120 ಇವೆ, 25 ಮಾತ್ರ ಎಲ್ಲೂ ಇಲ್ಲ. 30ರಲ್ಲಿಟ್ಟು ಒಳಗಡೆ ಚಿತ್ರೀಕರಿಸಿದರೆ ಗೋಡೆಯ ಮೇಲೆ ಮಬ್ಬು ಪಟ್ಟಿಗಳು ಹರಿದಾಡುತ್ತವೆ. ಕ್ಯಾಮೆರಾ ಕೆಟ್ಟಿದೆಯೇ? (ಇಲ್ಲಿ ವಿದ್ಯುತ್ 50 ಹರ್ಟ್ಸ್, ಶಟರ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು, 1/60 ಸೆಕೆಂಡ್ ಇತ್ತು.)

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ, ದೀಪಕ್ಕೂ ಶಟರಿಗೂ ತಾಳ ಕೂಡುತ್ತಿಲ್ಲ ಅಷ್ಟೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/50 ಇದ್ದರೆ ಪ್ರತಿ ಫ್ರೇಮಿಗೂ ಎರಡು ಮಿಣುಕು ಪೂರ್ತಿ ಸಿಗುತ್ತವೆ, 1/100ಕ್ಕೆ ಒಂದು. 1/60ಕ್ಕೆ ಸಿಗುವುದು ಒಂದು ಪೂರ್ತಿ, ಇನ್ನೊಂದರ ಮೂರನೇ ಎರಡು ಪಾಲು. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಆ ಅರೆಬರೆ ಪಾಲು ಒಂದು ಸಾಲಿಗೆ ಹೆಚ್ಚು, ಮತ್ತೊಂದಕ್ಕೆ ಕಡಿಮೆ ಬಿದ್ದು ಪಟ್ಟಿ ಮೂಡುತ್ತದೆ.

ಮೆನುವಿನಲ್ಲಿ ಎನ್‌ಟಿಎಸ್‌ಸಿ (NTSC) ಎಂದಿರುವುದನ್ನು ಪಾಲ್‌ಗೆ (PAL) ಬದಲಿಸಿ; ಇವೆರಡೂ ಟಿವಿ ಪದ್ಧತಿಗಳ ಹೆಸರು. 25, 50, 100 ಕಾಣಿಸಿಕೊಳ್ಳುತ್ತವೆ. ಕೆಲವು ಕ್ಯಾಮೆರಾಗಳು ಆಗ ಕಾರ್ಡ್ ಫಾರ್ಮ್ಯಾಟ್ ಮಾಡಲು ಕೇಳುತ್ತವೆ, ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. 30ರಲ್ಲೇ ಬೇಕೆಂದರೆ ಅದೂ ಆಗುತ್ತದೆ: ಶಟರನ್ನು ಮ್ಯಾನ್ಯುಯಲ್‌ಗೆ ತಂದು 1/50 ಅಥವಾ 1/100 ಇಡಿ. ವಿದ್ಯುತ್ 60 ಹರ್ಟ್ಸ್ ಇರುವ ದೇಶದಲ್ಲಿ 1/60 ಅಥವಾ 1/120. ಡಿಮ್ಮರ್‌ನಿಂದ ತಗ್ಗಿಸಿದ ಎಲ್‌ಇಡಿ ಎಷ್ಟೋ ಸಲ ತನ್ನದೇ ವೇಗದಲ್ಲಿ ಮಿಣುಕುತ್ತದೆ. ಅದನ್ನು ಪೂರ್ತಿ ಪ್ರಕಾಶಕ್ಕೆ ತಿರುಗಿಸಿ ನೋಡಿ.

ಪ್ರಶ್ನೆ: ಯಾವಾಗಲೂ 50ರಲ್ಲೇ ತೆಗೆದು ಆಮೇಲೆ 25ಕ್ಕೆ ಇಳಿಸಿದರೆ ಒಳ್ಳೆಯದಲ್ಲವೇ?

ಉತ್ತರ: ನಿಧಾನಗತಿ ಬೇಕಿಲ್ಲದಿದ್ದರೆ ಬೇಡ. ಎಡಿಟಿಂಗ್ ಟೈಮ್‌ಲೈನ್ (ಕ್ಲಿಪ್‌ಗಳನ್ನು ಜೋಡಿಸುವ ಸಾಲು) ಎಷ್ಟು ಫ್ರೇಮ್ ರೇಟಿನದ್ದು ಎಂದು ಮೊದಲು ನಿರ್ಧರಿಸಿ, ಕ್ಯಾಮೆರಾವನ್ನೂ ಅದಕ್ಕೇ ಇಡಿ. 25ರ ಟೈಮ್‌ಲೈನಿಗೆ 50ರ ಕ್ಲಿಪ್ ಹಾಕಿದರೆ ಒಂದು ಬಿಟ್ಟು ಒಂದು ಫ್ರೇಮ್ ಹೋಗುತ್ತದೆ, ಚಲನೆ ಕೆಡುವುದಿಲ್ಲ. 30ರ ಕ್ಲಿಪ್ ಹಾಕಿದರೆ ಆರರಲ್ಲಿ ಒಂದು ಫ್ರೇಮ್ ಬೀಳುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದ ಶಾಟಿನಲ್ಲಿ ಸೆಕೆಂಡಿಗೆ ಐದು ಸಲ ಎತ್ತಿಹಾಕಿದಂತಾಗುತ್ತದೆ. 24, 25ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾದ ತೊಂದರೆ ಶಟರಿನದು. ಫ್ರೇಮ್ ರೇಟಿನ ಎರಡರಷ್ಟು ಎಂಬುದು ರೂಢಿ: 25ಕ್ಕೆ 1/50, 50ಕ್ಕೆ 1/100. ಬಿಸಿಲಿನಲ್ಲಿ ಬೆಳಕು ಹೆಚ್ಚಾಯಿತೆಂದು 1/1000ಕ್ಕೆ ಏರಿಸಿದರೆ ನಲ್ಲಿ ನೀರು ಧಾರೆಯಾಗಿ ಕಾಣದೆ ಮಣಿಮಣಿಯಾಗಿ ಉದುರುತ್ತದೆ, ನಡೆಯುವವರ ಕಾಲು ತುಂಡುತುಂಡಾಗಿ ಆಡುತ್ತದೆ. ಚಲನೆಯ ಆ ಸಣ್ಣ ಮಸುಕು ಬೇಕೇ ಬೇಕು. ಸುಡುಬಿಸಿಲಿನಲ್ಲಿ ಐಎಸ್‌ಒ (ಸೆನ್ಸರಿನ ಸಂವೇದನೆ) 100, ಲೆನ್ಸಿನ ತೆರಪು ಎಫ್/4, ಶಟರ್ 1/50 ಇಟ್ಟರೆ ಐದು ಸ್ಟಾಪ್ (ಒಂದೊಂದು ಸ್ಟಾಪಿಗೂ ಎರಡು ಪಟ್ಟು) ಬೆಳಕು ಹೆಚ್ಚಾಗುತ್ತದೆ. ಬೆಳಕನ್ನು ಅಷ್ಟೇ ತಗ್ಗಿಸುವ ಕಪ್ಪು ಗಾಜು, ಎನ್‌ಡಿ32 ಫಿಲ್ಟರ್ ಹಾಕಿ.

ಪ್ರಶ್ನೆ: ಸ್ಲೋ ಮೋಷನ್ ಮಾಡಿದರೆ ಚಿತ್ರ ತಡವರಿಸುತ್ತದೆ, ಏಕೆ?

ಉತ್ತರ: 25ರಲ್ಲಿ ತೆಗೆದದ್ದನ್ನು ನಾಲ್ಕು ಪಟ್ಟು ನಿಧಾನ ಮಾಡಿದಿರಿ ಅನಿಸುತ್ತದೆ. ಸೆಕೆಂಡಿಗೆ ಉಳಿಯುವುದು ಆರು ಚಿಲ್ಲರೆ ಚಿತ್ರ, ತಡವರಿಸದೆ ಇನ್ನೇನು? 100ರಲ್ಲಿ ತೆಗೆಯಿರಿ, ಒಂದು ಸೆಕೆಂಡ್ ನಾಲ್ಕಾಗುತ್ತದೆ. ಆದರೆ ರೂಢಿಯಂತೆ 1/200 ಇಟ್ಟರೆ ಬೆಳಕು 1/50ರ ಕಾಲುಭಾಗಕ್ಕೆ ಇಳಿಯುತ್ತದೆ, 50 ಹರ್ಟ್ಸ್ ದೀಪದಡಿ ಮಿಣುಕೂ ಕಾಣುತ್ತದೆ. ಅಲ್ಲಿ ರೂಢಿ ಮುರಿದು 1/100 ಇಡಿ. 120ರಲ್ಲಿ ಈ ದಾರಿಯೂ ಇಲ್ಲ: ಅದರಲ್ಲಿ ಶಟರ್ 1/120ಕ್ಕಿಂತ ನಿಧಾನವಾಗದು, 1/100 ಇಡಲಾಗದು.

ಪ್ರಶ್ನೆ: ಮೊಬೈಲ್ ಕ್ಲಿಪ್ ಎಡಿಟಿಂಗ್‌ಗೆ ಹಾಕಿದಾಗ ಮಾತು, ತುಟಿ ಕೂಡುವುದಿಲ್ಲ.

ಉತ್ತರ: ಮೊಬೈಲು ಬೆಳಕು ಕಡಿಮೆಯಾದಾಗ ಫ್ರೇಮ್ ರೇಟನ್ನು ತಾನೇ ಏರುಪೇರು ಮಾಡುತ್ತದೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟ್ ಆಯ್ದು ಕ್ಲಿಪ್ಪನ್ನು ಮಾರ್ಪಡಿಸಿಕೊಂಡು, ಆಮೇಲೆ ಟೈಮ್‌ಲೈನಿಗೆ ತನ್ನಿ.