ಆಣೆ ಮಾಡಿಸಬೇಡಿ, ಅವ್ವ

ಹೆಸರುಗಳನ್ನೂ ಗುರುತು ಹತ್ತಬಹುದಾದ ಕೆಲವು ಸಂಗತಿಗಳನ್ನೂ ಬದಲಿಸಿದ್ದೇನೆ. ತಾಯಿ, ಮಗ ಇಬ್ಬರೂ ಒಪ್ಪಿದ ಮೇಲೆ ಬರೆದದ್ದು.

ಚಟಕ್ಕೆ ಬಿದ್ದವರಿಗೂ ಅವರ ಮನೆಯವರಿಗೂ ಆಪ್ತಸಮಾಲೋಚನೆ ಮಾಡುವುದು ನನ್ನ ಕೆಲಸ. ಗಂಗವ್ವ ಮೊದಲ ಸಲ ನನ್ನ ಬಳಿ ಬಂದಾಗ ಒಬ್ಬರೇ ಬಂದಿದ್ದರು. ಸೆರಗಿನ ಗಂಟು ಬಿಚ್ಚಿ ಒಂದು ಖಾಲಿ ಸ್ಟ್ರಿಪ್ಪನ್ನು ನನ್ನ ಮೇಜಿನ ಮೇಲಿಟ್ಟರು. ಹತ್ತು ಗುಳಿಗೆಯದು, ಹಿಂದಿನ ಬೆಳ್ಳಿ ಹಾಳೆ ಹತ್ತೂ ಕಡೆ ಹರಿದಿತ್ತು. "ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಂಥವು ಹದಿನೇಳು ಸಿಕ್ಕವು ಮೇಡಂ" ಎಂದರು. ಹುಬ್ಬಳ್ಳಿಯ ಎರಡು ಖಾನಾವಳಿಗಳಿಗೆ ದಿನಕ್ಕೆ ನೂರೈವತ್ತು ರೊಟ್ಟಿ ಬಡಿದು ಕೊಡುವ ಹೆಂಗಸು. ಎಣಿಕೆ ತಪ್ಪುವವರಲ್ಲ.

ಮಗ ಮಲ್ಲು, ಇಪ್ಪತ್ಮೂರು ವರ್ಷ, ಎಪಿಎಂಸಿಯಲ್ಲಿ ಹಮಾಲಿ. ಕುಡಿದೇ ತೀರಿಕೊಂಡ ಗಂಡನ ಹಾಗೆ ಇವನು ಆಗಬಾರದೆಂದು ಗಂಗವ್ವ ಬಾಟಲಿಯ ಮೇಲೆ ಕಣ್ಣಿಟ್ಟಿದ್ದರು. ಬಾಯಿ ವಾಸನೆ ನೋಡಿಯೇ ಮಗನನ್ನು ಒಳಗೆ ಬಿಡುತ್ತಿದ್ದರಂತೆ. ಗುಳಿಗೆಗೆ ವಾಸನೆ ಇಲ್ಲ.

"ಮೂರು ಸಲ ಆಣೆ ಮಾಡಿಸಿದೆ" ಎಂದರು. ಮೊದಲು ತಮ್ಮ ತಲೆ ಮುಟ್ಟಿಸಿ. ಆಮೇಲೆ ಸಿದ್ಧಾರೂಢರ ಗದ್ದುಗೆಯ ಮುಂದೆ. ಕೊನೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು, "ಮತ್ತೆ ಮುಟ್ಟಿದರೆ ಅವ್ವ ಸಾಯಲಿ" ಎಂದು ಅವನ ಬಾಯಿಂದಲೇ ಹೇಳಿಸಿ. ಅದಾಗಿ ಮೂರನೆಯ ದಿನಕ್ಕೆ ಮಗ ಮನೆಗೆ ಬರುವುದನ್ನೇ ಬಿಟ್ಟ. ಎಂಟು ದಿನ ಮಾರುಕಟ್ಟೆಯ ಕಟ್ಟೆಯ ಮೇಲೆ ಮಲಗಿದ. "ದೇವರಿಗೂ ಹೆದರದವನು, ನಿಮ್ಮ ಮಾತಿಗೆ ಹೆದರುತ್ತಾನೆಯೇ?" ಎಂಬುದು ಅವರ ಪ್ರಶ್ನೆ.

ಅವನು ದೇವರಿಗೆ ಎಷ್ಟು ಹೆದರಿದ್ದ ಎಂಬುದು ನನಗೆ ಗೊತ್ತಾದದ್ದು ಮೂರು ವಾರದ ಮೇಲೆ, ಅವನೇ ಬಂದಾಗ.

ಮೇ ತಿಂಗಳ ಬಿಸಿಲು. ತುಂಬು ತೋಳಿನ ಅಂಗಿ, ಮಣಿಕಟ್ಟಿನ ಗುಂಡಿಯೂ ಹಾಕಿತ್ತು. ಕುಳಿತ ಹತ್ತು ನಿಮಿಷದಲ್ಲಿ ಏಳೆಂಟು ಸಲ ಆಕಳಿಸಿದ. ಕಣ್ಣು, ಮೂಗು ಸೋರುತ್ತಿದ್ದವು. ಫ್ಯಾನಿನ ಗಾಳಿಗೆ ಕುತ್ತಿಗೆಯ ಮೇಲಿನ ಕೂದಲು ನಿಮಿರಿ ನಿಂತಿತ್ತು. ನೋಡಿದವರು ನೆಗಡಿ ಎನ್ನಬೇಕು. ಅಫೀಮಿನ ಬಳಗದ ಔಷಧ ಮೈಯಿಂದ ಇಳಿಯುವಾಗ ಹೀಗೆಯೇ ಆಗುತ್ತದೆ. ಆಮೇಲೆ ಹೊಟ್ಟೆ ನುಲಿತ, ಭೇದಿ, ಮೂಳೆಯೊಳಗೆ ಯಾರೋ ಕೊರೆದ ಹಾಗೆ ಕಾಲುನೋವು, ನಿದ್ದೆ ಇಲ್ಲದ ರಾತ್ರಿಗಳು. ಎರಡು ಮೂರನೆಯ ದಿನ ಅತಿ ಕಷ್ಟ, ವಾರದಲ್ಲಿ ಮೈ ಹಗುರಾಗುತ್ತದೆ. ಮನಸ್ಸಿನ ಸೆಳೆತ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ.

ಗುಳಿಗೆಯ ಹೆಸರು ಟಪೆಂಟಡಾಲ್. ತೀವ್ರ ನೋವಿಗೆ ವೈದ್ಯರು ಚೀಟಿ ಬರೆದು ಕೊಡುವಂಥದ್ದು. ಇವನಿಗೆ ಕೊಟ್ಟವನು ಪಕ್ಕದ ಹಮಾಲ. ರಾತ್ರಿ ಲಾರಿಯಿಂದ ಐವತ್ತು ಕಿಲೋದ ಈರುಳ್ಳಿ ಚೀಲ ಇಳಿಸಿ ಇಳಿಸಿ ಸೊಂಟ ಹಿಡಿದಿತ್ತು. "ಒಂದು ನುಂಗು, ಚೀಲ ಹತ್ತಿಯಂತಾಗುತ್ತದೆ" ಎಂದನಂತೆ. ಆಗಿಯೂ ಆಯಿತು. ವರ್ಷದೊಳಗೆ ಒಂದು ಹತ್ತಾಯಿತು. ಆಮೇಲೆ ಸೂಜಿ ಬಂತು, ಮೂವರಿಗೆ ಒಂದೇ ಸೂಜಿ. ಎಡ ಮೊಣಕೈಯ ಒಳಬದಿಯಲ್ಲಿ ಕೀವು ತುಂಬಿದ ಗಂಟು. ತುಂಬು ತೋಳಿನ ಗುಟ್ಟು ಅದು. "ಈಗ ಸುಖಕ್ಕಲ್ಲ ಮೇಡಂ, ಎದ್ದು ನಿಲ್ಲುವುದಕ್ಕೆ" ಎಂದ. ಚಟದ ಬಗ್ಗೆ ಮಾತಾಡುವವರು ಈ ಒಂದು ಮಾತನ್ನು ಕಿವಿಗೆ ಹಾಕಿಕೊಂಡರೆ ಅರ್ಧ ಬೈಗುಳ ಕಡಿಮೆಯಾಗುತ್ತದೆ.

"ಪೊಲೀಸರಿಗೆ ಹೇಳುತ್ತೀರಾ?" ಎಂದು ಕೇಳಿದ. ಎಲ್ಲರೂ ಕೇಳುತ್ತಾರೆ. ಇಲ್ಲ ಎಂದೆ. ಚಿಕಿತ್ಸೆಗೆ ಬಂದವರ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಹಕ್ಕಾಗಿಯೇ ಇದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ಕೂಡ ತಾನಾಗಿಯೇ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ರಕ್ಷಣೆ ಕೊಡುತ್ತದೆ.

ಆ ದಿನ ನಾನೊಂದು ತಪ್ಪು ಮಾಡಿದೆ. "ಇಂದಿನಿಂದ ಬಿಡುತ್ತೇನೆ" ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಲು ಹೇಳಿದೆ. ಪೆನ್ನು ಹಿಡಿದವನು ಬೆವರತೊಡಗಿದ. ಸ್ವಲ್ಪ ಹೊತ್ತಿಗೆ ಬಾಯಿ ಬಿಟ್ಟ. ಎಲ್ಲಮ್ಮನ ಗುಡ್ಡದಿಂದ ಬಂದ ಮರುದಿನವೇ ಆಣೆ ಮುರಿದಿದ್ದ. ಆ ರಾತ್ರಿ ನಾಲ್ಕು ಸಲ ಎದ್ದು, ಅವ್ವ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದ್ದ. ಮರುರಾತ್ರಿಯೂ ಅದೇ. ಆ ಹೆದರಿಕೆ ತಡೆಯಲು ಇನ್ನೂ ನಾಲ್ಕು ಗುಳಿಗೆ. ಕಣ್ಣೆದುರಿಗೆ ಇದ್ದರೆ ಅವಳಿಗೆ ಏನಾದರೂ ಆದೀತೆಂದು ಮನೆಯನ್ನೇ ಬಿಟ್ಟಿದ್ದ. ಅವ್ವ ಎಂಟು ದಿನ ಹುಡುಕಿದ್ದು ದೇವರಿಗೆ ಹೆದರದ ಮಗನನ್ನಲ್ಲ.

ನನ್ನ ಹಾಳೆಯೂ ಇನ್ನೊಂದು ಆಣೆಯೇ, ಗುಡ್ಡ ಮಾತ್ರ ಬೇರೆ. ಅವನೆದುರೇ ಹರಿದು ಬುಟ್ಟಿಗೆ ಹಾಕಿದೆ.

ಮುಂದಿನ ವಾರ ತಾಯಿಯನ್ನೂ ಸೋದರಮಾವನನ್ನೂ ಕೂರಿಸಿಕೊಂಡೆ. ಮಾವ ಒಂದು ಖಾಸಗಿ ಕೇಂದ್ರವನ್ನು ಗೊತ್ತು ಮಾಡಿಕೊಂಡು ಬಂದಿದ್ದರು. ಮೂರು ತಿಂಗಳು ಹೊರಗೆ ಬಿಡುವುದಿಲ್ಲ, ಹಟ ಮಾಡಿದರೆ ಕಟ್ಟಿಹಾಕುತ್ತಾರೆ, "ಸರಿಹೋಗಿಯೇ ಬರುತ್ತಾನೆ" ಎಂಬ ಭರವಸೆ. ಸಂಕೋಲೆ ಹಾಕುವುದನ್ನು ಅದೇ 2017ರ ಕಾಯ್ದೆ ನಿಷೇಧಿಸಿದೆ ಎಂದೆ. ಕಾಯ್ದೆಯ ಮಾತು ಮಾವನಿಗೆ ಹಿಡಿಸಲಿಲ್ಲ. ಆಗ ಇನ್ನೊಂದನ್ನು ಹೇಳಬೇಕಾಯಿತು: ಮೂರು ತಿಂಗಳು ಗುಳಿಗೆ ಕಾಣದ ಮೈ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಹೊರಬಂದ ದಿನ ಹಳೆಯ ಲೆಕ್ಕದಲ್ಲೇ ಹತ್ತು ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಈ ಬಳಗದ ಔಷಧಗಳಿಂದ ಸಾಯುವವರಲ್ಲಿ ಹೀಗೆ ಬಿಟ್ಟು ಮತ್ತೆ ಹಿಡಿದವರು ಬಹಳ. ಮಾವ ಸುಮ್ಮನಾದರು.

ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಪತ್ರ ಬರೆದುಕೊಟ್ಟೆ. ಅಲ್ಲಿ ಮನೋವೈದ್ಯರು ಪರೀಕ್ಷಿಸಿ, ನಾಲಿಗೆಯ ಕೆಳಗೆ ಇಟ್ಟು ಕರಗಿಸಿಕೊಳ್ಳುವ ಬುಪ್ರೆನಾರ್ಫಿನ್ ಎಂಬ ಗುಳಿಗೆ ಶುರು ಮಾಡಿದರು. ಗಂಗವ್ವ ನೇರ ನನ್ನ ಬಳಿ ಬಂದರು: "ಗುಳಿಗೆ ಬಿಡಿಸಲು ಗುಳಿಗೆಯೇ? ಇದೆಂಥ ನ್ಯಾಯ?" ನ್ಯಾಯವಾದ ಪ್ರಶ್ನೆಯೇ. ಒಲೆಯ ಲೆಕ್ಕದಲ್ಲಿ ಹೇಳಿದೆ. ಅವನು ನುಂಗುತ್ತಿದ್ದದ್ದು ಹುಲ್ಲಿನ ಬೆಂಕಿ, ಭಗ್ಗನೆ ಎದ್ದು ಆರಿಹೋಗುತ್ತದೆ, ಮತ್ತೆ ಮತ್ತೆ ಹಾಕುತ್ತಿರಬೇಕು. ಇದು ಕೆಂಡ. ಒಂದು ಸಲ ಇಟ್ಟರೆ ದಿನವಿಡೀ ಒಂದೇ ಕಾವು. ಅಮಲಿಲ್ಲ, ನಡುಕವಿಲ್ಲ, ಕೆಲಸಕ್ಕೆ ಹೋಗಬಹುದು. ಕೆಲವರಿಗೆ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ತಾನಾಗಿ ನಿಲ್ಲಿಸಬಾರದು, ಜೊತೆಗೆ ಮದ್ಯವನ್ನಾಗಲಿ ನಿದ್ದೆಮಾತ್ರೆಯನ್ನಾಗಲಿ ಮುಟ್ಟಬಾರದು.

ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇರಲಿಲ್ಲ. ರಕ್ತದಿಂದ ಹರಡುವ ಯಕೃತ್ತಿನ ಸೋಂಕು, ಹೆಪಟೈಟಿಸ್ ಸಿ ಇತ್ತು. ಇದಕ್ಕೆ ಈಗ ಹನ್ನೆರಡು ವಾರದ ಮಾತ್ರೆಯಿದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ, ಬಹುತೇಕರಿಗೆ ಪೂರ್ತಿ ವಾಸಿಯಾಗುತ್ತದೆ. ಸೂಜಿ ಹಂಚಿಕೊಂಡ ಆ ಇಬ್ಬರನ್ನೂ ಮಲ್ಲು ತಾನೇ ಪರೀಕ್ಷೆಗೆ ಎಳೆದುಕೊಂಡು ಹೋದ. ನಾನು ಹೇಳಿರಲಿಲ್ಲ.

ಔಷಧ ಮೈಯನ್ನು ನೋಡಿಕೊಂಡಿತು. ನನ್ನ ಪಾಲಿಗೆ ಬಂದದ್ದು ಮನೆ ಮತ್ತು ಶನಿವಾರ. ಶನಿವಾರ ಬಟವಾಡೆ. ಕೈಗೆ ದುಡ್ಡು ಬಿದ್ದ ಗಂಟೆಯೊಳಗೆ ಕಾಲು ತಾನಾಗಿ ಆ ಗಲ್ಲಿಗೆ ಹೋಗುತ್ತಿತ್ತು. "ಮನಸ್ಸು ಗಟ್ಟಿ ಮಾಡಿಕೋ" ಎನ್ನುವುದು ಸುಲಭ; ನಾನು ಹಾಗೆ ಹೇಳಲಿಲ್ಲ. "ಶನಿವಾರ ಐದರಿಂದ ಏಳರವರೆಗೆ ಎಲ್ಲಿರುತ್ತೀಯ ತಮ್ಮಾ, ಅದನ್ನು ಹೇಳು" ಎಂದೆ. ಕೂಲಿ ಬ್ಯಾಂಕ್ ಖಾತೆಗೆ ಬರುವಂತೆ ಅಡತಿಯವರನ್ನು ಕೇಳಿಕೊಂಡ. ರಾತ್ರಿ ಲಾರಿ ಬಿಟ್ಟು ಹಗಲು ತೂಕದ ಯಂತ್ರದ ಹತ್ತಿರ ನಿಂತ. ಕೂಲಿ ಕಡಿಮೆ, ಸೊಂಟಕ್ಕೆ ಬಿಡುವು. ಸೊಂಟವನ್ನು ಯಾರೂ ಅದುವರೆಗೆ ನೋಡಿಯೇ ಇರಲಿಲ್ಲ ಎನ್ನುವುದು ನನಗೆ ಈಗಲೂ ಸೋಜಿಗ. ಫಿಸಿಯೋಥೆರಪಿಗೆ ಕಳಿಸಿದೆ. ಸೆಳೆತ ಬಂದರೆ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ, ಅಷ್ಟು ಹೊತ್ತು ಯಾರೊಂದಿಗಾದರೂ ಇರು, ಯಾರೂ ಸಿಗದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು ಎಂದೆ.

ಗಂಗವ್ವನಿಗೆ ಹೇಳಿದ್ದು ಕಷ್ಟದ ಮಾತುಗಳು. ಕೈಗೆ ದುಡ್ಡು ಕೊಡಬೇಡಿ, ಊಟ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಅವನ ಸಾಲ ನೀವು ತೀರಿಸಬೇಡಿ. ಜೇಬು ಹುಡುಕಬೇಡಿ. ಮಲಗಿದವನನ್ನು ಅಲುಗಾಡಿಸಿದರೂ ಏಳದಿದ್ದರೆ, ತುಟಿ ನೀಲಿಯಾಗಿದ್ದರೆ, ಉಸಿರು ಗೊರಗೊರ ಎನ್ನುತ್ತ ತಡೆದು ತಡೆದು ಬರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಹತ್ತಿರವೇ ಕುಳಿತಿರಿ. ಇನ್ನು ಆಣೆ ಬೇಡ, ಅವ್ವ. ಆಣೆ ಮಾಡಿದವನಿಗೆ ಜಾರಿದ ದಿನ ಉಳಿಯುವುದು ಎರಡೇ ದಾರಿ: ಸುಳ್ಳು ಹೇಳುವುದು, ಇಲ್ಲವೇ ಓಡಿಹೋಗುವುದು. ಅದರ ಬದಲು ದಿನಕ್ಕೊಂದು ಪ್ರಶ್ನೆ ಕೇಳಿ, "ಇವತ್ತು ಹೇಗಿತ್ತು?" ನಿಜ ಹೇಳಿದ ದಿನ, ಆ ನಿಜ ಎಂಥದೇ ಇರಲಿ, ಬೈಯಬಾರದು.

"ಬೈಯದೆ ಇರುವುದು ನನ್ನ ಕೈಯಲ್ಲಿ ಆಗುತ್ತದೆಯೇ ಮೇಡಂ?" ಎಂದು ನಕ್ಕರು. ಹರಕೆ ಹೊತ್ತಿದ್ದೇನೆ, ಅದೇನು ಮಾಡಲಿ ಎಂದೂ ಕೇಳಿದರು. ಹರಕೆ ನಿಮ್ಮದು, ಧಾರಾಳವಾಗಿ ತೀರಿಸಿ, ಗುಡ್ಡದಲ್ಲಿ ಅವನ ಬಾಯಿ ಮಾತ್ರ ತೆರೆಸಬೇಡಿ ಎಂದೆ.

ಐದು ತಿಂಗಳು ಚೆನ್ನಾಗಿ ನಡೆಯಿತು. ದೀಪಾವಳಿಯ ಹಿಂದಿನ ದಿನ ಹಳೆಯ ಜೊತೆಗಾರ ಸಿಕ್ಕ, ಮಲ್ಲು ಎರಡು ಗುಳಿಗೆ ನುಂಗಿದ. ಮಿದುಳಿನಲ್ಲಿ ಬುಪ್ರೆನಾರ್ಫಿನ್ ಮೊದಲೇ ಆ ಗುಳಿಗೆಯ ಜಾಗ ಹಿಡಿದು ಕುಳಿತಿದ್ದರಿಂದ ಅಮಲೇನೂ ಹತ್ತಲಿಲ್ಲ. "ದುಡ್ಡು ದಂಡ" ಎಂದು ಆಮೇಲೆ ನನ್ನ ಮುಂದೆ ತಲೆ ಕೆರೆದುಕೊಂಡ. ಅಷ್ಟರಲ್ಲಿ ಡಿಮ್ಹಾನ್ಸ್‌ಗೂ ತಾನೇ ಹೋಗಿ ಹೇಳಿ ಬಂದಿದ್ದ. ಆದರೆ ಎಲ್ಲಕ್ಕಿಂತ ಮೊದಲು, ಅದೇ ರಾತ್ರಿ, ಒಲೆಯ ಮುಂದೆ ನಿಂತು ಅವ್ವನಿಗೆ ಹೇಳಿದ್ದ.

"ನೀವೇನು ಮಾಡಿದಿರಿ?" ಎಂದು ಗಂಗವ್ವನನ್ನು ಕೇಳಿದೆ.

"ಎಷ್ಟು ಎಂದೆ. ಎರಡು ಎಂದ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ ಮೇಡಂ. ಕೈ ನಿಂತರೆ ಬಾಯಿ ಶುರುವಾಗುತ್ತದೆ ಎಂದು ಹೆದರಿಕೆ. ಅವತ್ತು ಖಾನಾವಳಿಗೆ ನಲವತ್ತು ರೊಟ್ಟಿ ಹೆಚ್ಚು ಹೋದವು."